‘ಲವ್‌ಲೆಸ್’ ಸದ್ದಿನ ಗುಟ್ಟು ಕೈಯಲ್ಲಿದೆ

ಶೂಗೇಜ್ (ಗಿಟಾರಿನ ದಟ್ಟ ಗದ್ದಲದಲ್ಲಿ ದನಿ ಮುಳುಗಿರುವ ರಾಕ್ ಶೈಲಿ) ನುಡಿಸುವ ಹೊಸ ಬ್ಯಾಂಡ್‌ಗಳು ನನ್ನ ಬಳಿ ಮಿಕ್ಸಿಂಗ್‌ಗೆ (ರೆಕಾರ್ಡ್ ಮಾಡಿದ ಸದ್ದುಗಳನ್ನು ಹದವಾಗಿ ಬೆರೆಸಲು) ಬಂದಾಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಸರ್, ‘ಲವ್‌ಲೆಸ್’ ಥರ ಸೌಂಡ್ ಬೇಕು.’ ಜೊತೆಗೆ ಬೋರ್ಡ್ ತುಂಬ ಪೆಡಲ್, ಅಂದರೆ ಗಿಟಾರ್ ಸದ್ದು ಬದಲಿಸಲು ಕಾಲಲ್ಲಿ ಒತ್ತುವ ಡಬ್ಬಿಗಳು ಇರುತ್ತವೆ. ಸದ್ದನ್ನು ಅಲೆಯಾಡಿಸುವ ಕೋರಸ್, ಫ್ಲಾಂಜರ್, ಪ್ರತಿಧ್ವನಿ ಕೊಡುವ ಡಿಲೇ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್. ಎಲ್ಲ ಆನ್ ಮಾಡಿದರೆ ಗದ್ದಲ ಜಾಸ್ತಿಯಾಗುತ್ತದೆ, ಆ ಸದ್ದು ಮಾತ್ರ ಬರುವುದಿಲ್ಲ.

ಮೈ ಬ್ಲಡಿ ವ್ಯಾಲೆಂಟೈನ್ ಡಬ್ಲಿನ್‌ನಲ್ಲಿ ಶುರುವಾದ ಬ್ಯಾಂಡ್. ‘ಲವ್‌ಲೆಸ್’ ಅವರ ಎರಡನೇ ಆಲ್ಬಂ. 1989ರಲ್ಲಿ ಆರಂಭವಾದ ರೆಕಾರ್ಡಿಂಗ್ ಎಷ್ಟೋ ಸ್ಟುಡಿಯೊ ಸುತ್ತಿ, 1991ರ ನವೆಂಬರ್‌ನಲ್ಲಿ ಕ್ರಿಯೇಷನ್ ರೆಕಾರ್ಡ್ಸ್‌ನಿಂದ ಹೊರಬಂತು. ಎರಡೂವರೆ ಲಕ್ಷ ಪೌಂಡ್ ಖರ್ಚಾಯಿತು ಎಂಬ ಸುದ್ದಿಯನ್ನು ಗಿಟಾರಿಸ್ಟ್ ಕೆವಿನ್ ಶೀಲ್ಡ್ಸ್ ಒಪ್ಪುವುದಿಲ್ಲ. ಇಷ್ಟು ಕಾಲ ಹಿಡಿದಿದ್ದರಿಂದ ನೂರಾರು ಗಿಟಾರ್ ಟ್ರ್ಯಾಕ್ ಪೇರಿಸಿರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಶೀಲ್ಡ್ಸ್ ಹೇಳುವುದು ಉಲ್ಟಾ. ಗಿಟಾರ್ ಪದರಗಳು ಕಡಿಮೆಯೇ, ಕೋರಸ್ ಮತ್ತು ಫ್ಲಾಂಜರ್ ಬಳಸಿಲ್ಲ.

ಹಾಗಾದರೆ ಆಲ್ಬಂನ ಗಿಟಾರ್ ಸದ್ದಿನಲ್ಲಿರುವ ಆ ತೇಲಾಟ ಎಲ್ಲಿಂದ ಬಂತು? ಗಿಟಾರಿನ ಬ್ರಿಡ್ಜ್ (ತಂತಿಗಳು ಕೂರುವ ಪಟ್ಟಿ) ಬಳಿ ಇರುವ ಟ್ರೆಮೊಲೊ ಆರ್ಮ್‌ನಿಂದ. ಈ ಲೋಹದ ಕಡ್ಡಿಯನ್ನು ಒತ್ತಿದರೆ ತಂತಿಗಳು ಸಡಿಲವಾಗಿ ಶ್ರುತಿ ಇಳಿಯುತ್ತದೆ. ಸಾಮಾನ್ಯವಾಗಿ ಸ್ವರ ನುಡಿಸಿದ ಮೇಲೆ ಅದನ್ನು ಅಲ್ಲಾಡಿಸುತ್ತಾರೆ. ಶೀಲ್ಡ್ಸ್ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಸ್ಟ್ರಮ್ ಮಾಡುತ್ತಾರೆ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟುತ್ತಾರೆ. ಕೈ ಮೇಲೆ ಕೆಳಗೆ ಹೋದಂತೆ ಇಡೀ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಜಾರುತ್ತಾ ಇರುತ್ತದೆ. ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವಾಗ ಒಂದು ಸ್ವರ ಜಾರುತ್ತದೆ. ಇಲ್ಲಿ ಆರೂ ತಂತಿ ಒಟ್ಟಿಗೆ ಜಾರುತ್ತವೆ, ಆದರೆ ಎಲ್ಲವೂ ಒಂದೇ ಅಳತೆಯಲ್ಲಿ ಅಲ್ಲ. ಹಾಗಾಗಿ ಕಾರ್ಡ್‌ನ ಒಳಗಿನ ಸ್ವರಗಳು ಪರಸ್ಪರ ಸ್ವಲ್ಪ ಶ್ರುತಿ ತಪ್ಪುತ್ತವೆ, ಮತ್ತೆ ಕೂಡುತ್ತವೆ. ಡಿಸ್ಟಾರ್ಷನ್ ಈ ಚಿಕ್ಕ ವ್ಯತ್ಯಾಸವನ್ನು ಹಿಗ್ಗಿಸಿ ಅಲೆ ಎಬ್ಬಿಸುತ್ತದೆ. ಕೋರಸ್ ಪೆಡಲ್ ಕೂಡ ಶ್ರುತಿ ಅಲುಗಿಸುತ್ತದೆ ನಿಜ. ಆದರೆ ಅದರ ವೇಗ ಯಂತ್ರದ್ದು. ಕೈಯ ವೇಗ ಹಾಡಿನ ಜೊತೆ ಬದಲಾಗುತ್ತದೆ, ನನ್ನ ಪ್ರಕಾರ ಎಲ್ಲ ವ್ಯತ್ಯಾಸ ಅಲ್ಲಿದೆ. ಆಲ್ಬಂಗೆ ಮೊದಲು ಬಂದ ಎರಡು ಇಪಿಗಳ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) ಹೆಸರೇ ‘ಗ್ಲೈಡರ್’ ಮತ್ತು ‘ಟ್ರೆಮೊಲೊ’ ಆಗಿದ್ದವು.

ಇನ್ನೊಂದು ಸಾಧನ ರಿವರ್ಸ್ ರಿವರ್ಬ್. ರಿವರ್ಬ್ ಅಂದರೆ ದೊಡ್ಡ ಕೋಣೆಯಲ್ಲಿ ಕೇಳುವಂಥ ಅನುರಣನ. ಮಾಮೂಲಿ ರಿವರ್ಬ್‌ನಲ್ಲಿ ಸದ್ದು ಹುಟ್ಟಿ ನಿಧಾನವಾಗಿ ಆರುತ್ತದೆ. ಇದರಲ್ಲಿ ಸಣ್ಣದಾಗಿ ಶುರುವಾಗಿ ಉಬ್ಬಿ ಥಟ್ಟನೆ ನಿಲ್ಲುತ್ತದೆ. ಪಿಕ್ (ಮೀಟುವ ಬಿಲ್ಲೆ) ತಂತಿಗೆ ತಾಗುವ ಚೂಪು ಮೊನೆ ಅಳಿಸಿಹೋಗುತ್ತದೆ. ಯಮಾಹಾ ಎಸ್‌ಪಿಎಕ್ಸ್90 ಎಂಬ ಎಫೆಕ್ಟ್ ಯಂತ್ರದಿಂದ ಶೀಲ್ಡ್ಸ್ ಇದನ್ನು ತೆಗೆದರು.

ಮಿಕ್ಸಿಂಗ್ ಮಾಡುವವರಿಗೆ ನಿಜವಾದ ಪಾಠ ಇರುವುದು ದನಿಯಲ್ಲಿ. ಡಿಸ್ಟಾರ್ಷನ್ ಗಿಟಾರ್ ಮತ್ತು ಮನುಷ್ಯನ ದನಿ ಎರಡಕ್ಕೂ ಬೇಕಾದ ಜಾಗ ಒಂದೇ, ಮಿಡ್ ಫ್ರೀಕ್ವೆನ್ಸಿ, ಅಂದರೆ ತೀರಾ ತಗ್ಗೂ ಅಲ್ಲದ, ತೀರಾ ಏರೂ ಅಲ್ಲದ ನಡುವಿನ ಸದ್ದು. ನಾವೆಲ್ಲ ಕಲಿತಿರುವುದು ಗಿಟಾರನ್ನು ಅಲ್ಲಿ ಸ್ವಲ್ಪ ಕೆತ್ತಿ, ದನಿಯನ್ನು ಮುಂದೆ ತರುವುದು. ಇಲ್ಲಿ ಬ್ಯಾಂಡ್‌ನ ಗಾಯಕಿ ಬಿಲಿಂಡಾ ಬುಚರ್ ಮತ್ತು ಶೀಲ್ಡ್ಸ್ ದನಿಗಳನ್ನು ಗಿಟಾರಿನ ಒಳಗೇ ಬಿಟ್ಟಿದ್ದಾರೆ. ಒಂದರ ಮೇಲೊಂದು ಟೇಕ್ (ಒಂದೇ ಭಾಗವನ್ನು ಮತ್ತೆ ಮತ್ತೆ ಹಾಡಿದ ರೆಕಾರ್ಡಿಂಗ್) ಸೇರಿಸಿದ್ದರಿಂದ ವ್ಯಂಜನಗಳು ಮಸುಕಾಗಿವೆ. ಮಾತು ಸಿಗುವುದಿಲ್ಲ, ರಾಗ ಚೆನ್ನಾಗಿ ಸಿಗುತ್ತದೆ. ‘ವೆನ್ ಯು ಸ್ಲೀಪ್’ನಲ್ಲಿ ಗಂಡು ಹೆಣ್ಣು ಸೇರಿ ಹಾಡಿದಂತೆ ಕೇಳುತ್ತದೆ ಅಲ್ವಾ? ಅದು ಶೀಲ್ಡ್ಸ್ ಒಬ್ಬರೇ. ಟೇಪ್ ವೇಗ ಬದಲಿಸಿ ತಮ್ಮದೇ ದನಿಗಳನ್ನು ಕೂಡಿಸಿದ್ದಾರೆ.

ಇಷ್ಟೆಲ್ಲ ಮಸುಕಿನ ನಡುವೆ ಡ್ರಮ್ ಮಾತ್ರ ಗಟ್ಟಿ. ಆ ದಿನಗಳಲ್ಲಿ ಡ್ರಮ್ಮರ್ ಕಾಲಮ್ ಓ ಕೀಸೋಗ್ ಆರೋಗ್ಯ ಸರಿ ಇರಲಿಲ್ಲ. ಹೀಗಾಗಿ ಹೆಚ್ಚಿನ ಹಾಡುಗಳಲ್ಲಿ ಅವರೇ ನುಡಿಸಿದ ತುಣುಕುಗಳನ್ನು ಸ್ಯಾಂಪ್ಲರ್‌ನಲ್ಲಿ (ರೆಕಾರ್ಡ್ ಮಾಡಿದ ತುಣುಕು ನುಡಿಸುವ ಯಂತ್ರ) ಜೋಡಿಸಲಾಯಿತು. ಲಯ ಅಲುಗದೆ ಒಂದೇ ಸಮ ನಡೆಯುತ್ತದೆ. ಗಿಟಾರ್ ಎಷ್ಟು ಜಾರಿದರೂ ಕೇಳುವವರು ಕಳೆದುಹೋಗುವುದಿಲ್ಲ. ಡ್ರಮ್ಮಿಗೂ ಅಷ್ಟೇ ರಿವರ್ಬ್ ಸುರಿದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಹೊಸ ಬ್ಯಾಂಡ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಆದ್ದರಿಂದ ನಾನು ಪೆಡಲ್ ಬೋರ್ಡ್ ಪಕ್ಕಕ್ಕಿಡಿಸಿ, ಒಂದು ಡಿಸ್ಟಾರ್ಷನ್, ಒಂದು ಆಂಪ್ (ಆಂಪ್ಲಿಫೈಯರ್) ಇಟ್ಟು ನುಡಿಸಲು ಹೇಳುತ್ತೇನೆ. ಟ್ರೆಮೊಲೊ ಆರ್ಮ್ ಹಿಡಿದು ಎರಡೇ ಕಾರ್ಡ್ ಸಾಕು. ಜಾರಾಟ ಹಾಡಿನ ಲಯಕ್ಕೆ ಕೂತ ಮೇಲೆ ರಿವರ್ಬ್ ಹಾಕೋಣ, ದನಿ ಎಷ್ಟು ತಗ್ಗಿಸಬೇಕು ಅನ್ನುವ ಮಾತು ಅದರ ನಂತರ.