ಚಿತ್ರದ ಹಲಗೆಯಲ್ಲಿ ‘ಬೇಡ’ಕ್ಕೂ ಜಾಗವಿರಲಿ

ಮಗುವಿಗೆ ಮೂರು ವರ್ಷ ತುಂಬಿದರೂ ಮಾತು ಬರದಿದ್ದರೆ ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲಿ ಮೊದಲು ಸಿಗುವ ಸಮಾಧಾನ, ‘ಅವನಪ್ಪನೂ ತಡವಾಗೇ ಮಾತಾಡಿದ್ದು’ ಎಂಬುದು. ಕೆಲವು ಮಕ್ಕಳ ಮಟ್ಟಿಗೆ ಅದು ನಿಜವೂ ಹೌದು. ಆಟಿಸಂ (ಮಾತು, ಜನರೊಡನೆ ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ವ್ಯತ್ಯಾಸ) ಇರುವ ಮಕ್ಕಳಲ್ಲಿ ಮಾತ್ರ ಹಾಗೆ ಕಾಯುವುದು ದುಬಾರಿಯಾಗುತ್ತದೆ. ಅವರಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ಶಾಲೆಯ ವಯಸ್ಸಿಗೆ ಬಂದರೂ ಬೆರಳೆಣಿಕೆಯ ಪದಗಳಷ್ಟೇ ಬರುತ್ತವೆ. ಹೇಳಬೇಕಾದದ್ದು ಒಳಗೇ ಉಳಿದು, ಅಳು, ಹಟ, ಕಚ್ಚುವುದರ ರೂಪದಲ್ಲಿ ಹೊರಬರುತ್ತದೆ.

ಇಂಥವರಿಗೆ ಬಾಯಿಮಾತಿನ ಜೊತೆಗೇ ಇನ್ನೊಂದು ದಾರಿ ತೆರೆಯುವ ಸಾಧನಗಳಿವೆ. ತೀರಾ ಸರಳವಾದದ್ದು ಚಿತ್ರದ ಕಾರ್ಡು. ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ‘ಪೆಕ್ಸ್’ ಪದ್ಧತಿಯಲ್ಲಿ ಮಗು ತನಗೆ ಬೇಕಾದದ್ದರ ಚಿತ್ರವನ್ನು ತಂದು ಇನ್ನೊಬ್ಬರ ಕೈಗೇ ಕೊಡಬೇಕು. ಎದುರಿಗೊಬ್ಬರು ಇದ್ದಾರೆ, ಅವರಿಗೆ ತಿಳಿಸಿದರೆ ಕೆಲಸವಾಗುತ್ತದೆ ಎಂಬುದು ಮಗುವಿಗೆ ಹೊಳೆಯುವುದು ಆ ಕೊಡುವಿಕೆಯಲ್ಲೇ. ಇನ್ನು ಟ್ಯಾಬ್‌ನಲ್ಲಿ ಚಿತ್ರ ಒತ್ತಿದರೆ ದನಿ ಬರುತ್ತದೆ. ಚೆನ್ನೈನಲ್ಲಿ ಅಜಿತ್ ನಾರಾಯಣನ್ ಕಟ್ಟಿದ ‘ಆವಾಜ್’, ಮುಂಬೈ ಐಐಟಿಯ ಉಚಿತ ಆ್ಯಪ್ ‘ಜೆಲ್ಲೊ’ ನಮ್ಮಲ್ಲೇ ಹುಟ್ಟಿದವು.

‘ಮೆಷಿನ್ ಕೊಟ್ರೆ ಬರೋ ಮಾತೂ ನಿಂತುಹೋಗುತ್ತೆ’ ಎಂಬ ಹೆದರಿಕೆ ಸಹಜ. ಆದರೆ ಪುರಾವೆ ಬೇರೆಯೇ ಹೇಳುತ್ತದೆ. ಬೆಳವಣಿಗೆಯ ತೊಂದರೆ ಇದ್ದು ಇಂಥ ಬದಲಿ ದಾರಿ ಕಲಿತವರ ಮೇಲೆ ನಡೆದ ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಗಟ್ಟಿ ಪುರಾವೆ ಸಿಕ್ಕಿದ್ದು 27 ಮಂದಿಯದು. ಅವರಲ್ಲಿ ಶೇ 89ರಷ್ಟು ಮಂದಿಯ ಬಾಯಿಮಾತು ಹೆಚ್ಚಿತ್ತು; ಉಳಿದವರದು ಇದ್ದಂತೆಯೇ ಇತ್ತು; ಕಡಿಮೆಯಾದದ್ದು ಒಬ್ಬರದೂ ಇಲ್ಲ. ಸಂಖ್ಯೆ ಸಣ್ಣದು, ಒಪ್ಪೋಣ. 2014ರಲ್ಲಿ ಅಮೆರಿಕದ ಸಂಶೋಧಕಿ ಕೋನಿ ಕಸಾರಿ ಅವರ ತಂಡ ಆಟಿಸಂ ಇರುವ, 5ರಿಂದ 8 ವರ್ಷದ 61 ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲೂ, ಥೆರಪಿಯ ಜೊತೆಗೆ ಮೊದಲಿನಿಂದಲೇ ಮಾತಾಡುವ ಸಾಧನ ಸಿಕ್ಕವರು ಬಾಯಿಂದಲೋ ಸಾಧನದಿಂದಲೋ ತಾವಾಗಿಯೇ ಹೆಚ್ಚು ಮಾತಾಡಿದರು. ಬಾಯಿಂದ ಬಂದ ಸದ್ದು ಆ ಕ್ಷಣಕ್ಕೇ ಕರಗುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಒತ್ತಿದಾಗಲೆಲ್ಲ ಒಂದೇ ದನಿ. ಈ ನಿಶ್ಚಿತತೆ ಇಂಥ ಮಕ್ಕಳಿಗೆ ಒಗ್ಗುತ್ತದೆ ಅನ್ನಿಸುತ್ತದೆ.

ಟ್ಯಾಬ್ ಕೊಂಡು ಮಗುವಿನ ಮುಂದಿಟ್ಟರೆ ಮಾತ್ರ ಏನೂ ಆಗದು. ಹುಟ್ಟಿದಾರಭ್ಯ ಮಗುವಿನೆದುರು ಒಂದು ವರ್ಷ ಮಾತಾಡುತ್ತೇವಲ್ಲ, ಆಮೇಲೆ ತಾನೇ ಮೊದಲ ಪದ? ಟ್ಯಾಬಿನ ವಿಷಯಕ್ಕೆ ಬಂದರೆ ವಾರದೊಳಗೆ ‘ಇದೇನು? ಎಲ್ಲಿ, ತೋರಿಸು’ ಎಂದು ಪರೀಕ್ಷೆ ಶುರುಮಾಡುತ್ತೇವೆ. ಬದಲಿಗೆ ಅಮ್ಮ, ಅಜ್ಜಿ, ಅಣ್ಣ ಎಲ್ಲರೂ ತಮ್ಮ ಮಾತಿನ ನಡುವೆ ತಾವೇ ಒತ್ತುತ್ತಿರಬೇಕು: ‘ಹಾಲು ಬೇಕಾ?’ ಎನ್ನುತ್ತ ‘ಹಾಲು’, ‘ಬೇಕು’. ಉತ್ತರ ಬರಲೇಬೇಕೆಂಬ ಒತ್ತಾಯವಿಲ್ಲದೆ.

ಯಾವ ಪದಗಳು? ಚಿತ್ರಗಳ ಹಲಗೆಯ (ಟ್ಯಾಬಿನ ಪರದೆಯೋ ಕಾರ್ಡಿನ ಹಾಳೆಯೋ) ತುಂಬ ತಿಂಡಿಯ ಹೆಸರು ಹಾಕಿ ‘ಬೇಡ’ವನ್ನೇ ಬಿಟ್ಟುಬಿಡುವವರು ಬಹಳ. ಮಗು ಎಲ್ಲಿ ಬೇಡ ಅಂದುಬಿಡುತ್ತದೋ ಎಂಬ ಭಯ ದೊಡ್ಡವರಿಗೆ! ಬೇಕು, ಬೇಡ, ಸಾಕು, ಇನ್ನೂ, ಬಾ, ಹೋಗೋಣ, ನೋವು – ದಿನವಿಡೀ ಬಳಕೆಯಾಗುವ ಇಂಥ ಪದಗಳು ಮೊದಲು ಬರಬೇಕು. ಒಮ್ಮೆ ಇಟ್ಟ ಚಿತ್ರದ ಜಾಗ ಬದಲಿಸಕೂಡದು. ಬೆರಳು ಜಾಗವನ್ನೇ ನೆನಪಿಟ್ಟುಕೊಳ್ಳುತ್ತದೆ. ಸಿದ್ಧ ಚಿತ್ರಗಳಲ್ಲಿರುವ ಬರ್ಗರ್, ಹಿಮದ ಗೊಂಬೆ ತೆಗೆದು ಮನೆಯ ಕಡುಬು, ಕೊಟ್ಟಿಗೆಯ ಕರು, ಅಡಿಕೆ ಅಂಗಳದ ಫೋಟೊ ಹಾಕಿ, ದನಿಯನ್ನು ಮನೆಮಾತಿನಲ್ಲೇ ರೆಕಾರ್ಡ್ ಮಾಡಿದರೆ ಒಳ್ಳೆಯದು.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ತಯಾರಿ ಬೇಕು. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಟ್ಯಾಬಿನ ದನಿ ಕೇಳಿಸದು, ಒದ್ದೆ ಬೆರಳಿಗೆ ಪರದೆ ಸರಿಯಾಗಿ ಸ್ಪಂದಿಸದು, ಕರೆಂಟ್ ಹೋದರೆ ಚಾರ್ಜೂ ಇಲ್ಲ. ಅದೇ ಚಿತ್ರಗಳನ್ನು ಅದೇ ಜಾಗಗಳಲ್ಲಿಟ್ಟು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿದ ಒಂದು ಹಾಳೆ ಮನೆಯಲ್ಲಿರಲಿ. ಆಗುಂಬೆ ಕಡೆಯವರಿಗೆ ಥೆರಪಿಗೆಂದು ಶಿವಮೊಗ್ಗಕ್ಕೆ ಹೋಗಿಬರಲು ಒಂದು ದಿನವೇ ಬೇಕು; ಹಾಗಾಗಿ ಕಲಿಕೆಯ ಬಹುಪಾಲು ಅಡುಗೆಮನೆಯಲ್ಲೇ ನಡೆಯಬೇಕು. ಯಾವ ಸಾಧನ ಹೊಂದುತ್ತದೆಂಬ ತಪಾಸಣೆಗೆ, 1965ರಿಂದ ಇರುವ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬರಬಹುದು.

ಒಂದು ಎಚ್ಚರಿಕೆ. ದೊಡ್ಡವರು ಮಗುವಿನ ಕೈ ಹಿಡಿದು ಅಕ್ಷರ ಒತ್ತಿಸುವ ವಿಧಾನವೊಂದಿದೆ. ಮಾತಾಡದ ಮಗು ಏಕಾಏಕಿ ಉದ್ದುದ್ದ ವಾಕ್ಯ ‘ಬರೆಯುತ್ತದೆ’. 1990ರ ದಶಕದಲ್ಲಿ ಮಗುವಿಗೆ ಒಂದು ಚಿತ್ರ, ಕೈ ಹಿಡಿದವರಿಗೆ ಇನ್ನೊಂದು ತೋರಿಸಿ ಪರೀಕ್ಷಿಸಿದಾಗ, ಮೂಡಿದ್ದು ಕೈ ಹಿಡಿದವರು ಕಂಡ ಚಿತ್ರದ ಹೆಸರು. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ ಇದನ್ನು ಬಳಸಬೇಡಿ ಎಂದು 2018ರಲ್ಲಿ ಮತ್ತೆ ಹೇಳಿತು. ಯಾರಾದರೂ ಹೀಗೆ ಮಾಡಿ ತೋರಿಸಿದರೆ, ದುಡ್ಡು ಕಟ್ಟುವ ಮೊದಲು ಕೈ ಬಿಡಿಸಿ ನೋಡಿ.