ರೇಫ ಹೋಗಿ ನಕಾರ ಬಂದ ಕಥೆ

‘ಅಹರ್ನಿಶಿ’ ಎನ್ನುತ್ತೇವೆ, ‘ಮಧ್ಯಾಹ್ನ’ ಎಂದೂ ಎನ್ನುತ್ತೇವೆ. ಎರಡರಲ್ಲೂ ಇರುವುದು ಸಂಸ್ಕೃತದ ಹಗಲೇ. ಒಂದರಲ್ಲಿ ಅದು ಅಹರ್, ಇನ್ನೊಂದರಲ್ಲಿ ಅಹನ್. ಒಂದೇ ಪದಕ್ಕೆ ಎರಡು ಬಾಲ ಹೇಗೆ ಬಂದವು?

ಇಂಥ ಪದಗಳು ಪಾಣಿನಿಯ ಕಣ್ಣಿಗೂ ಬಿದ್ದಿದ್ದವು. ಯಕೃತ್ ಪದದ ಷಷ್ಠಿ ‘ಯಕ್ನಃ’, ರಕ್ತವೆಂಬ ಅರ್ಥದ ಅಸೃಜ್ ಪದದ್ದು ‘ಅಸ್ನಃ’. ಅಷ್ಟಾಧ್ಯಾಯಿಯ 6.1.63ನೇ ಸೂತ್ರ ಯಕನ್, ಅಸನ್, ಉದನ್ (ನೀರು) ಮುಂತಾದ ಆದೇಶಗಳನ್ನು, ಅಂದರೆ ಬದಲಿ ರೂಪಗಳನ್ನು, ಪಟ್ಟಿ ಮಾಡುತ್ತದೆ, ಅಷ್ಟೆ. ಕಾರಣ ಹುಡುಕುವುದು ಅದರ ಕೆಲಸವಲ್ಲ.

1786ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕು ಎಂದ. 1816ರಲ್ಲಿ ಜರ್ಮನ್ ವಿದ್ವಾಂಸ ಫ್ರಾಂಜ್ ಬಾಪ್ ಕ್ರಿಯಾಪದಗಳ ಪ್ರತ್ಯಯಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ. ಆದರೆ ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ಇರುವುದು ಯಕೃತ್ತಿನಲ್ಲೇ. ಲ್ಯಾಟಿನ್ನಿನಲ್ಲಿ ಅದು ‘ಯೆಕುರ್’, ಷಷ್ಠಿಯಲ್ಲಿ ‘ಯೆಕಿನೋರಿಸ್’. ಗ್ರೀಕಿನಲ್ಲಿ ‘ಹೇಪರ್’, ‘ಹೇಪತೋಸ್’. ಅಲ್ಲಿ ನಕಾರ ಸವೆದು ಅಕಾರವಾಗಿದೆ. ಪದವನ್ನು ಎರವಲು ತರಬಹುದು. ಪ್ರಥಮೆಯಲ್ಲಿ ರಕಾರ, ಷಷ್ಠಿಯಲ್ಲಿ ನಕಾರ ಎಂಬ ಈ ಸೊಟ್ಟ ಕ್ರಮವನ್ನು ಯಾರು ತರುತ್ತಾರೆ? ಅದು ಮೂಲಭಾಷೆಯಿಂದಲೇ ಇಳಿದು ಬಂದಿರಬೇಕು.

ಕೆಲವು ಕಡೆ ಈ ರಕಾರ-ನಕಾರದ ಜೋಡಿ ಒಡೆದು, ಒಬ್ಬೊಬ್ಬರು ಒಂದೊಂದು ಪಾಲು ಉಳಿಸಿಕೊಂಡರು. ನೀರಿಗೆ ಇಂಗ್ಲಿಷಿನಲ್ಲಿ ‘ವಾಟರ್’, ಸ್ವೀಡಿಷ್‌ನಲ್ಲಿ ‘ವಾಟೆನ್’.

ಇಡೀ ಜೋಡಿ ಸಿಕ್ಕಿದ್ದು ತುರ್ಕಿಯ ಬೊಆಜ್‌ಕೊಯ್‌ನ ಮಣ್ಣಿನ ಫಲಕಗಳಲ್ಲಿ. ಅವುಗಳ ಕ್ಯೂನಿಫಾರ್ಮ್ (ಬೆಣೆಯಾಕಾರದ) ಲಿಪಿಯನ್ನು ಓದಲು ಬರುತ್ತಿತ್ತು, ಭಾಷೆ ಮಾತ್ರ ಯಾವುದೆಂದು ತಿಳಿದಿರಲಿಲ್ಲ. ಒಂದು ವಾಕ್ಯದಲ್ಲಿ ರೊಟ್ಟಿಯನ್ನು ಸೂಚಿಸುವ ಸುಮೇರಿಯನ್ ಚಿಹ್ನೆ ಇತ್ತು, ಅದರ ಹಿಂದೆಯೇ ‘ಎಜ್ಜತ್ತೇನಿ’, ‘ವಾತರ್’. ರೊಟ್ಟಿ ಇದ್ದಲ್ಲಿ ತಿನ್ನುವುದು, ಕುಡಿಯುವುದು ಇರಬೇಕಲ್ಲ! ಚೆಕ್ ವಿದ್ವಾಂಸ ಬೆದ್ರಿಖ್ ಹ್ರೋಜ್ನಿ ಅದನ್ನು ‘ರೊಟ್ಟಿ ತಿನ್ನುವಿರಿ, ನೀರು ಕುಡಿಯುವಿರಿ’ ಎಂದು ಓದಿದ. 1915ರಲ್ಲಿ, ಆ ಫಲಕಗಳ ಭಾಷೆಯಾದ ಹಿಟ್ಟೈಟ್ ಇಂಡೋ-ಯುರೋಪಿಯನ್, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಕುಟುಂಬದ ಭಾಷೆಯೆಂದು ಸಾರಿದ. ಆ ‘ವಾತರ್’ ಪದದ ಷಷ್ಠಿ ‘ವಿತೇನಸ್’. ರಕ್ತಕ್ಕೆ ‘ಎಸ್ಹರ್’, ಷಷ್ಠಿ ‘ಎಸ್ಹನಸ್’. ನಮ್ಮ ಅಸೃಜ್, ಅಸ್ನಃ ಇದರ ದಾಯಾದಿಗಳು. ಬೇರೆಡೆ ಬೆರಳೆಣಿಕೆಯ ಪದಗಳಲ್ಲಿ ಉಳಿದಿದ್ದ ಈ ರಕಾರ-ನಕಾರದ ಪ್ರತ್ಯಯ ಹಿಟ್ಟೈಟಿನಲ್ಲಿ ಹೊಸ ಭಾವನಾಮಗಳನ್ನು ಕಟ್ಟುವಷ್ಟು ಚುರುಕಾಗಿತ್ತು. 1935ರಲ್ಲಿ ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ ಮೂಲಭಾಷೆಯ ನಾಮಪದಗಳ ರಚನೆಯನ್ನು ವಿವರಿಸಿದಾಗ ಇಂಥ ಜೋಡಿಗಳಿಗೆ ದೊಡ್ಡ ಜಾಗ ಸಿಕ್ಕಿತು.

ಇನ್ನು ಪಾಣಿನಿಯ ‘ಉದನ್’. ಅದರ ರಕಾರದ ಜೋಡಿ ಸಂಸ್ಕೃತದಲ್ಲಿ ಸ್ವತಂತ್ರ ಪದವಾಗಿ ಉಳಿಯಲಿಲ್ಲ. ವ್ಯಾಖ್ಯಾನಕಾರರು ಅದನ್ನು ‘ಉದಕ’ಕ್ಕೆ ಹೊಂದಿಸಿದರು. ಕಳೆದ ರಕಾರ ‘ಸಮುದ್ರ’ದ ‘ಉದ್ರ’ದಲ್ಲಿದೆ.