ಮಣ್ಣೇ ಇಲ್ಲವಲ್ಲ, ರೋಗ ಎಲ್ಲಿಂದ ಬಂತು?

ಪ್ರಶ್ನೆ: ಮಡಿಕೇರಿಯಲ್ಲಿ ತಾರಸಿ ಮೇಲೆ ಪೈಪಿನಲ್ಲಿ ಲೆಟ್ಯೂಸ್ ಬೆಳೆಸಿದ್ದೇನೆ. ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿದೆ. ಮಣ್ಣಿಲ್ಲದ ಕೃಷಿಯಲ್ಲಿ ಕ್ರಿಮಿ ಹೇಗೆ ಬರುತ್ತದೆ?

ಇದೇ ಪ್ರಶ್ನೆ ಪ್ರತಿ ಮಳೆಗಾಲವೂ ಬರುತ್ತದೆ, ನಾನೂ ಅದೇ ಉತ್ತರ ಕೊಡುತ್ತೇನೆ. ಮಣ್ಣಿಲ್ಲ ಅಂದರೆ ಮಣ್ಣಿಲ್ಲ, ಅಷ್ಟೆ. ಸೂಕ್ಷ್ಮಜೀವಿಗಳು ಬೀಜದ ಸಿಪ್ಪೆಯಲ್ಲಿ ಬರುತ್ತವೆ, ಸಸಿಗೆ ಬಳಸುವ ತೆಂಗಿನ ನಾರಿನ ಪುಡಿಯಾದ ಕೊಕೊಪೀಟಿನಲ್ಲಿ, ಬಾವಿ ನೀರಿನಲ್ಲಿ, ಗಾಳಿಯಲ್ಲಿ, ಆಗಷ್ಟೇ ತೋಟದಿಂದ ಬಂದ ನಿಮ್ಮ ಕೈಯಲ್ಲಿ ಬರುತ್ತವೆ. ಪೈಪಿನ ಒಳಗೋಡೆಯನ್ನು ಬೆರಳಿಂದ ಒರೆಸಿ ನೋಡಿ. ಜಾರುತ್ತದಲ್ಲ, ಆ ಪೊರೆಯೇ ಅವುಗಳ ಕೇರಿ. ಅಲ್ಲಿರುವ ಹೆಚ್ಚಿನವು ನಿಮಗೆ ಯಾವ ಕೇಡನ್ನೂ ಮಾಡುವುದಿಲ್ಲ. ಕೆಲವು ಅಮೋನಿಯಂ ಅನ್ನು ನೈಟ್ರೇಟ್ ಆಗಿಸುತ್ತವೆ, ಕೆಲವು ಬೇರಿನ ಮೇಲೆ ಜಾಗ ಹಿಡಿದು ಕೂತು ರೋಗಾಣುವಿಗೆ ಬಾಗಿಲು ಬಿಡುವುದಿಲ್ಲ.

ನಿಮ್ಮ ಬೇರು ಕೊಳೆಸಿದ್ದು ಬಹುಮಟ್ಟಿಗೆ ಪಿಥಿಯಂ ಎಂಬ ರೋಗಾಣು. ಕಾಳುಮೆಣಸಿನ ಬಳ್ಳಿಯನ್ನು ಸೊರಗಿಸುವ ಫೈಟೋಫ್ತೊರಾದ ದಾಯಾದಿ. ಎರಡೂ ಶಿಲೀಂಧ್ರದಂತೆ ಕಂಡರೂ ಶಿಲೀಂಧ್ರವಲ್ಲ. ಇವುಗಳ ಬೀಜಕಗಳಿಗೆ ಬಾಲವಿದೆ, ನೀರಿನಲ್ಲಿ ಈಜುತ್ತವೆ. ಮಳೆ ಹಿಡಿದಾಗ ಸೊರಗು ರೋಗ ಬಳ್ಳಿಯಿಂದ ಬಳ್ಳಿಗೆ ಹೋಗುವುದನ್ನು ಕಂಡ ಕೊಡಗಿನವರೇ, ಸದಾ ನೀರು ಹರಿಯುವ ಪೈಪಿನಲ್ಲಿ ರೋಗ ಬರುವುದಿಲ್ಲ ಎಂದು ನಂಬುತ್ತೀರಲ್ಲ, ಅದೇ ನನಗೆ ಅಚ್ಚರಿ!

ಪಿಥಿಯಂಗೆ ದಾರಿ ಮಾಡಿಕೊಟ್ಟಿದ್ದು ಆಮ್ಲಜನಕದ ಕೊರತೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ನೀರು ತಂಪೇ, ಆದರೆ ಕರೆಂಟು? ಮರ ಬಿದ್ದು ಎರಡು ದಿನ ಏರ್ ಪಂಪ್ ನಿಂತರೆ ಬೇರು ಉಸಿರುಗಟ್ಟುತ್ತದೆ. ಕೊಳೆತ ಗಿಡ ಕಿತ್ತೆಸೆಯಿರಿ, ಟ್ಯಾಂಕ್ ತೊಳೆದು ಹೊಸ ನೀರು ಹಾಕಿ, ಪಂಪಿಗೊಂದು ಬ್ಯಾಟರಿ ಕಟ್ಟಿ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ಎಲ್ಲವನ್ನೂ ಕೊಲ್ಲುತ್ತೇನೆಂದು ಹೊರಟರೆ ಒಳ್ಳೆಯವೂ ಸಾಯುತ್ತವೆ, ಖಾಲಿ ಜಾಗಕ್ಕೆ ಪಿಥಿಯಂ ಮತ್ತೆ ಬರುತ್ತದೆ.

ಹಾಗಾದರೆ ಒಳ್ಳೆಯ ಜೀವಿಗಳಿಗಾಗಿ ಜೀವಾಮೃತ ಹಾಕಲೇ ಎಂದು ನೀವಿನ್ನೂ ಕೇಳಿಲ್ಲ, ಕೇಳುತ್ತೀರಿ. ಬೇಡ. ಸಗಣಿ, ಬೆಲ್ಲ, ಹಿಟ್ಟು ತೋಟದ ಮಣ್ಣಿಗೆ ಸರಿ. ಟ್ಯಾಂಕಿಗೆ ಬಿದ್ದರೆ ಬೆಲ್ಲ ತಿಂದು ಕೊಬ್ಬಿದ ಬ್ಯಾಕ್ಟೀರಿಯಾ ಬೇರಿಗೆ ಬೇಕಾದ ಆಮ್ಲಜನಕವನ್ನೇ ಮುಗಿಸುತ್ತವೆ, ನೀರು ನಾರುತ್ತದೆ. ಒಳ್ಳೆಯ ಜೀವಿಯೇ ಬೇಕೆಂದರೆ, ಮೆಣಸಿನ ಬುಡಕ್ಕೆ ಹಾಕುವ, ರೋಗಾಣುವನ್ನು ಹತ್ತಿಕ್ಕುವ ಶಿಲೀಂಧ್ರ ಟ್ರೈಕೋಡರ್ಮಾ ಇದೆಯಲ್ಲ, ಅದನ್ನು ಸಸಿ ಮಡಿಯಲ್ಲಿರುವಾಗಲೇ ಕೊಕೊಪೀಟಿಗೆ ಬೆರೆಸಿ.